ಅಕಾಲಿಕ ಅಂಡಾಶಯ ವೈಫಲ್ಯ: ಮೂತ್ರ ಪರೀಕ್ಷೆ ಹೇಳುವುದೆಷ್ಟು?

ನಲವತ್ತು ವರ್ಷ ತುಂಬುವ ಮುನ್ನವೇ ಅಂಡಾಶಯಗಳ ಕಾರ್ಯ ಕುಂದುವುದನ್ನು ಅಕಾಲಿಕ ಅಂಡಾಶಯ ವೈಫಲ್ಯ ಎನ್ನುತ್ತಾರೆ. ಮುಟ್ಟು ಏರುಪೇರಾಗುವುದು ಅಥವಾ ನಿಂತುಹೋಗುವುದು, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ಗರ್ಭ ಧರಿಸಲು ಕಷ್ಟವಾಗುವುದು ಇದರ ಮುಖ್ಯ ಲಕ್ಷಣಗಳು. ಟರ್ನರ್ ಸಿಂಡ್ರೋಮ್‌ನಂತಹ ವರ್ಣತಂತು ದೋಷ, ದೇಹದ ರೋಗನಿರೋಧಕ ವ್ಯವಸ್ಥೆಯೇ ಅಂಡಾಶಯದ ಮೇಲೆ ತಿರುಗಿಬೀಳುವುದು, ಕ್ಯಾನ್ಸರ್‌ಗೆ ನೀಡುವ ಕಿಮೊಥೆರಪಿ ಹಾಗೂ ವಿಕಿರಣ ಚಿಕಿತ್ಸೆ ಇದಕ್ಕೆ ಕಾರಣವಾಗಬಹುದು. ಅನೇಕರಲ್ಲಿ ಕಾರಣವೇ ಪತ್ತೆಯಾಗುವುದಿಲ್ಲ.

ಮೂತ್ರದಲ್ಲಿ ಕಾಣುವುದೇನು?

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ ಅಂಡಾಶಯವನ್ನು ಪ್ರಚೋದಿಸುತ್ತದೆ. ಅಂಡಾಶಯ ಸ್ಪಂದಿಸದಿದ್ದರೆ ಗ್ರಂಥಿ ಈ ಹಾರ್ಮೋನನ್ನು ಇನ್ನಷ್ಟು ಸ್ರವಿಸುತ್ತದೆ. ಅದರ ಒಂದಂಶ ಮೂತ್ರದಲ್ಲಿ ಹೊರಬೀಳುತ್ತದೆ. ಋತುಬಂಧವಾದ ಮಹಿಳೆಯರ ಮೂತ್ರದಲ್ಲಿ ಇದು ಹೇರಳವಾಗಿರುವುದರಿಂದಲೇ ಇಟಲಿಯ ವಿಜ್ಞಾನಿ ಪಿಯೆರೊ ಡೊನಿನಿ 1949ರಲ್ಲಿ ಅದನ್ನು ಅಲ್ಲಿಂದ ಬೇರ್ಪಡಿಸಿದರು. ಮುಂದೆ ಅದು ಬಂಜೆತನ ನಿವಾರಣೆಯ ಔಷಧವಾಯಿತು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್‌ಗಳ ಉಳಿಕೆಗಳೂ ಮೂತ್ರದಲ್ಲಿರುತ್ತವೆ. ಹಲವು ದಿನ ಸತತವಾಗಿ ಅವನ್ನು ಅಳೆದರೆ ಅಂಡಾಣು ಬಿಡುಗಡೆಯಾಗುತ್ತಿದೆಯೇ ಎಂಬುದರ ಸುಳಿವು ಸಿಗುತ್ತದೆ.

ಮಿತಿಗಳು

ಔಷಧಿ ಅಂಗಡಿಗಳಲ್ಲಿ ದೊರೆಯುವ ಋತುಬಂಧ ಪರೀಕ್ಷೆಯ ಕಿಟ್‌ಗಳು ಎಫ್‌ಎಸ್‌ಎಚ್ ನಿಗದಿತ ಮಟ್ಟ ದಾಟಿದೆಯೇ ಎಂಬುದನ್ನಷ್ಟೇ ತೋರಿಸುತ್ತವೆ. ಹೆಚ್ಚು ನೀರು ಕುಡಿದರೆ ಮೂತ್ರ ತೆಳುವಾಗಿ ಫಲಿತಾಂಶ ಬದಲಾಗಬಹುದು. ಆದ್ದರಿಂದಲೇ ಪ್ರಯೋಗಾಲಯಗಳು ಮೂತ್ರದ ಹಾರ್ಮೋನನ್ನು ಕ್ರಿಯಾಟಿನಿನ್ ಪ್ರಮಾಣದೊಂದಿಗೆ ಹೋಲಿಸಿ ಲೆಕ್ಕ ಹಾಕುತ್ತವೆ. ಆರೋಗ್ಯವಂತ ಮಹಿಳೆಯರಲ್ಲೂ ಋತುಚಕ್ರದ ನಡುವೆ ಎಫ್‌ಎಸ್‌ಎಚ್ ಏರುತ್ತದೆ. ಗರ್ಭನಿರೋಧಕ ಮಾತ್ರೆ ಅದನ್ನು ತಗ್ಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಮಸ್ಯೆಯಲ್ಲಿ ಅಂಡಾಶಯ ಕೆಲವೊಮ್ಮೆ ಮತ್ತೆ ಚುರುಕಾಗುವುದರಿಂದ ಹಾರ್ಮೋನಿನ ಮಟ್ಟವೂ ಏರಿಳಿಯುತ್ತದೆ. ಹೀಗಾಗಿ ಕಿಟ್‌ನಲ್ಲಿ ಗೆರೆ ಮೂಡಿದ ಮಾತ್ರಕ್ಕೆ ರೋಗ ಖಚಿತವಲ್ಲ. ಮೂಡದಿದ್ದರೆ ರೋಗವಿಲ್ಲವೆಂದೂ ಅಲ್ಲ.

ನಿರ್ಣಯ ಹೇಗೆ?

ಕನಿಷ್ಠ ನಾಲ್ಕು ತಿಂಗಳು ಮುಟ್ಟು ನಿಂತಿರಬೇಕು ಅಥವಾ ಅನಿಯಮಿತವಾಗಿರಬೇಕು. ಜೊತೆಗೆ ರಕ್ತದಲ್ಲಿ ಎಫ್‌ಎಸ್‌ಎಚ್ ಲೀಟರ್‌ಗೆ 25 ಅಂತರರಾಷ್ಟ್ರೀಯ ಯೂನಿಟ್ ಮೀರಿರಬೇಕು. ಇದು ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘವು ಇತರ ಸಂಸ್ಥೆಗಳೊಡನೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಮಾನದಂಡ. 2016ರ ಮಾರ್ಗಸೂಚಿಯಂತೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ಪರೀಕ್ಷೆ ಬೇಕಿತ್ತು. ಈಗ ಒಂದೇ ಸಾಕು. ಅನುಮಾನವಿದ್ದರೆ ಪುನಃ ಪರೀಕ್ಷೆ ಅಥವಾ ಎಎಂಎಚ್ ಹಾರ್ಮೋನಿನ ರಕ್ತ ಪರೀಕ್ಷೆ ಮಾಡಲಾಗುತ್ತದೆ. ಮೂತ್ರ ಪರೀಕ್ಷೆ ರಕ್ತ ಪರೀಕ್ಷೆಗೆ ಬದಲಿಯಲ್ಲ.

ವಿಳಂಬ ಬೇಡ

ಈಸ್ಟ್ರೋಜೆನ್ ಕೊರತೆ ವರ್ಷಗಟ್ಟಲೆ ಮುಂದುವರಿದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಆದ್ದರಿಂದ ಸಾಮಾನ್ಯವಾಗಿ ಸಹಜ ಋತುಬಂಧದ ವಯಸ್ಸಿನವರೆಗೆ, ಅಂದರೆ ಸುಮಾರು ಐವತ್ತರವರೆಗೆ, ಹಾರ್ಮೋನ್ ಚಿಕಿತ್ಸೆ ನೀಡಲಾಗುತ್ತದೆ. ಕೆಲವರಲ್ಲಿ ಸಹಜವಾಗಿಯೇ ಗರ್ಭ ನಿಲ್ಲುವುದೂ ಉಂಟು. ಎಳೆಯ ವಯಸ್ಸಿನಲ್ಲಿ ಮುಟ್ಟು ತಪ್ಪುತ್ತಿದ್ದರೆ ಮೊದಲು ಗರ್ಭ ಪರೀಕ್ಷೆ, ಅದು ಇಲ್ಲವೆಂದಾದರೆ ಸ್ತ್ರೀರೋಗ ತಜ್ಞರ ಸಲಹೆಯಂತೆ ರಕ್ತ ಪರೀಕ್ಷೆ ಮಾಡಿಸಬೇಕು. ಕಿಟ್ ಏನೇ ಹೇಳಿದರೂ ಈ ಕ್ರಮ ಬಿಡಬಾರದು.