ಬಸುರಿಯರ ಮೂತ್ರನಾಳದ ಸೋಂಕು: ಕಮಲಾಪುರದ ಹಳ್ಳಿಗಳಿಗೆ ಒಪ್ಪುವ ಪರೀಕ್ಷೆ ಯಾವುದು?

ಕಲಬುರಗಿ ಸೀಮೆಯಲ್ಲಿ ಬಸುರಿಗೆ ಉರಿಮೂತ್ರವಾದರೆ ಮನೆಯವರು ‘ಉಷ್ಣ ಆಗ್ಯದ’ ಎಂದು ಮಜ್ಜಿಗೆ ಕುಡಿಸುತ್ತಾರೆ. ಉರಿ ತುಸು ತಗ್ಗಬಹುದು, ಸೋಂಕು ಉಳಿದಿರಬಹುದು. ಇದಕ್ಕಿಂತ ತೊಡಕಿನದು ಉರಿಯೇ ಕಾಣಿಸದ ಸೋಂಕು. ನೂರರಲ್ಲಿ 2ರಿಂದ 10 ಬಸುರಿಯರ ಮೂತ್ರದಲ್ಲಿ ಲಕ್ಷಣವಿಲ್ಲದೆಯೇ ಬ್ಯಾಕ್ಟೀರಿಯಾ ಇರುತ್ತದೆ, ಬಹುಪಾಲು ಇ. ಕೋಲೈ. ಪ್ರೊಜೆಸ್ಟರಾನಿನಿಂದ ಮೂತ್ರನಾಳ ಸಡಿಲಗೊಂಡು, ಬೆಳೆಯುವ ಗರ್ಭಕೋಶ ಅದನ್ನು ಒತ್ತಿ, ಮೂತ್ರ ನಿಲ್ಲುತ್ತದೆ. ಅಲ್ಲಿಂದ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ.

ಹಾಗೆ ಏರುವುದು ಎಷ್ಟು ಜನರಲ್ಲಿ? ಹಳೆಯ ಅಧ್ಯಯನಗಳ ಪ್ರಕಾರ ಚಿಕಿತ್ಸೆ ಸಿಗದವರಲ್ಲಿ ಶೇ. 20–30. ನೆದರ್ಲೆಂಡ್ಸಿನ 2015ರ ಅಧ್ಯಯನದಲ್ಲಿ ಕಂಡದ್ದು ಶೇ. 2.4 ಮಾತ್ರ; ಬ್ಯಾಕ್ಟೀರಿಯಾ ಇಲ್ಲದವರಲ್ಲಿ ಶೇ. 0.6. ಅದರಲ್ಲಿದ್ದವರು ಅಪಾಯ ಕಡಿಮೆಯಿದ್ದ ಗರ್ಭಿಣಿಯರು. ಬಿರುಬಿಸಿಲಲ್ಲಿ ತೊಗರಿ ಹೊಲದ ಕಳೆ ಕೀಳುತ್ತ, ಮರೆಯಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸಿಗೆ ಆ ಅಂಕಿಯನ್ನು ಹಾಗೆಯೇ ಅನ್ವಯಿಸಲು ನನಗೆ ಧೈರ್ಯವಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯ ಮೂತ್ರ ಹೇಗೂ ಪಡೆಯುತ್ತಾರೆ. ನೋಡುವುದು ಆಲ್ಬುಮಿನ್, ಸಕ್ಕರೆ. ಸೋಂಕಿಗೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೇ ಉತ್ತಮ. ನಗರದ ಗಾಜಿಪುರದವರಿಗೆ ಮೆಡಿಕಲ್ ಕಾಲೇಜಿನ ಪ್ರಯೋಗಾಲಯ ದೂರವಲ್ಲ. ಕಮಲಾಪುರ ತಾಲ್ಲೂಕಿನ ಹಳ್ಳಿಯಿಂದ ಬಾಟಲಿ ಬಸ್ಸಿನಲ್ಲಿ ಬರಬೇಕು. ಎರಡು ಗಂಟೆಯೊಳಗೆ ಪರೀಕ್ಷೆಗೆ ಹಾಕದಿದ್ದರೆ, ಅಥವಾ ತಂಪಿನಲ್ಲಿಡದಿದ್ದರೆ, ದಾರಿಯ ಕಾವಿಗೆ ಬ್ಯಾಕ್ಟೀರಿಯಾ ಬಾಟಲಿಯಲ್ಲೇ ಹೆಚ್ಚಿ, ಸೋಂಕಿಲ್ಲದವಳಿಗೂ ‘ಸೋಂಕಿದೆ’ ಎಂಬ ವರದಿ ಬರಬಹುದು.

ಕಲ್ಚರ್ ಇಲ್ಲದ ಕಡೆ ಬಣ್ಣ ಬದಲಿಸುವ ಪಟ್ಟಿಗಿಂತ ಗ್ರಾಂ ಸ್ಟೇನ್ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಮೊದಲ ಧಾರೆ ಬಿಟ್ಟು ಹಿಡಿದ ಮೂತ್ರದ ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಎಣ್ಣೆ ಮಸೂರದಡಿ ನೋಡಬೇಕು. ಕ್ಷೇತ್ರಕ್ಕೊಂದರಂತೆ ಬ್ಯಾಕ್ಟೀರಿಯಾ ಕಂಡರೆ ಮಿಲಿಲೀಟರಿಗೆ ಸುಮಾರು 1 ಲಕ್ಷ ಎಂದರ್ಥ. ಕ್ಷಯಕ್ಕೆ ಕಫ ನೋಡುವ ಕೇಂದ್ರಗಳಲ್ಲಿ ಆ ಸೂಕ್ಷ್ಮದರ್ಶಕವೂ ತಂತ್ರಜ್ಞರೂ ಇದ್ದಾರೆ. ಬೇಕಿರುವುದು ಬೇರೆ ಬಣ್ಣದ ಸೀಸೆಗಳು, ಒಂದಿಷ್ಟು ತರಬೇತಿ.

ಸೋಂಕು ಕಂಡವರಿಗೆ ಅದೇ ಸಂಸ್ಥೆ ಸೂಚಿಸುವುದು 7 ದಿನಗಳ ಆ್ಯಂಟಿಬಯಾಟಿಕ್. ಅಂಥ ಔಷಧಗಳಲ್ಲೊಂದಾದ ನೈಟ್ರೊಫ್ಯುರಾಂಟೊಯಿನ್ ಅನ್ನು ಹೆರಿಗೆ ಹತ್ತಿರವಾದಾಗ ಕೊಡುವಂತಿಲ್ಲ. ಆದ್ದರಿಂದ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗಬೇಕು. ತಾಯಿ ಕಾರ್ಡಿನಲ್ಲಿ ಆಲ್ಬುಮಿನ್ ಪಕ್ಕ ಇದಕ್ಕೂ ಒಂದು ಕಾಲಂ ಇರಲಿ ಎಂಬುದು ಆರೋಗ್ಯ ಇಲಾಖೆಗೆ ನನ್ನ ಕೋರಿಕೆ.