ಮಹಾಮಾರಿಯ ಮೊದಲ ದಿನಗಳು ಮತ್ತು ಶ್ರಾವಕಧರ್ಮ

ಶಾಸನಗಳಲ್ಲಿ ಕೊಪಣವೆಂದು ಕೊಂಡಾಡಲ್ಪಟ್ಟ ಇಂದಿನ ಕೊಪ್ಪಳವು ಕರ್ನಾಟಕದ ಪ್ರಾಚೀನ ಜೈನ ಮಹಾತೀರ್ಥಗಳಲ್ಲಿ ಒಂದು. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸಿದೆ. ವರಾಂಗಚರಿತದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳು ಇಲ್ಲಿಯ ಬೆಟ್ಟದ ಮೇಲೆ ಕಲ್ಲಿನಲ್ಲಿ ಮೂಡಿವೆ. ಈ ನಾಡಿನ ಇತಿಹಾಸವನ್ನು ಬರೆಯುವವರು ಅರಸರನ್ನು, ಬಸದಿಗಳನ್ನು, ದತ್ತಿಗಳನ್ನು ಕುರಿತು ಬರೆಯುತ್ತಾರೆ. ರೋಗವು ಬಂದಾಗ ಜನರು ಹೇಗೆ ನಡೆದುಕೊಂಡರೆಂಬುದನ್ನು ಬರೆದಿಡುವವರು ವಿರಳ. ಆದರೆ ಧರ್ಮವು ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ತಿಳಿದುಬರುವುದು ಅಂತಹ ದಿನಗಳಲ್ಲಿ. ಅದರಲ್ಲಿಯೂ ರೋಗವು ಇನ್ನೂ ನೆರೆಯೂರಿನಲ್ಲಿದ್ದು, ನಮ್ಮ ಊರಿನ ಅಗಸೆಯನ್ನು ದಾಟದಿರುವ ಮೊದಲ ದಿನಗಳಲ್ಲಿ.

ಈ ಜಿಲ್ಲೆಯ ಹುಲಿಹೈದರವು ಹಿಂದೆ ಗಂಗಾವತಿ ತಾಲ್ಲೂಕಿನಲ್ಲಿದ್ದು, ಈಗ ಕನಕಗಿರಿ ತಾಲ್ಲೂಕಿಗೆ ಸೇರಿದೆ. 1918ರಲ್ಲಿ ಈ ಭಾಗವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಲ್ಲಿ ಕಾವಲಿದ್ದ ಪೊಲೀಸರು ಜ್ವರದಿಂದ ಮಲಗಿದರು. ಯುರೋಪಿನ ಮಹಾಯುದ್ಧದ ಕಾಲದ ಹಡಗುಗಳೊಡನೆ ಬಂದ ಇನ್‌ಫ್ಲುಯೆಂಜಾ ಅದು. ಮೊದಲ ಅಲೆಯಲ್ಲಿ ಸತ್ತವರು ಕಡಿಮೆಯಾದುದರಿಂದ ಜನರು ಅದನ್ನು ನಾಲ್ಕು ದಿನದ ಜ್ವರವೆಂದು ಹಗುರವಾಗಿ ತೆಗೆದುಕೊಂಡರು. ಸೆಪ್ಟೆಂಬರಿನಲ್ಲಿ ಅದೇ ಜ್ವರವು ಉಗ್ರರೂಪ ತಾಳಿ, ರೈಲುಮಾರ್ಗಗಳನ್ನು ಹಿಡಿದು ಒಳನಾಡಿಗೆ ಹಬ್ಬಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಹಸಿದ ಶರೀರಗಳಿಗೆ ಜ್ವರವನ್ನು ತಾಳಿಕೊಳ್ಳುವ ಶಕ್ತಿಯಿರಲಿಲ್ಲ. ಇಡೀ ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಮಡಿದರೆಂಬುದು ಇತಿಹಾಸಕಾರರ ಅಂದಾಜು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಎರಡು ಲಕ್ಷ ಜನರು ತೀರಿಕೊಂಡರು. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆಯು 1911ರ ಗಣತಿಯಲ್ಲಿ 1 ಕೋಟಿ 33 ಲಕ್ಷವಿದ್ದುದು 1921ರಲ್ಲಿ 1 ಕೋಟಿ 24 ಲಕ್ಷಕ್ಕೆ ಇಳಿಯಿತು. ಈ ಇಳಿಕೆಗೆ ಜ್ವರದೊಡನೆ ಬರಗಾಲ ಮತ್ತು ಪ್ಲೇಗು ಕೂಡ ಕಾರಣಗಳಾಗಿದ್ದವು.

ಆ ರೋಗಕ್ಕೆ ಜನರು ಇಟ್ಟ ಹೆಸರುಗಳಲ್ಲಿಯೇ ಅವರ ಮನಸ್ಸು ಕಾಣುತ್ತದೆ. ಯುರೋಪಿನವರು ಅದನ್ನು ಸ್ಪೇನ್ ದೇಶದ ಜ್ವರವೆಂದರು. ಅದು ಅಲ್ಲಿ ಹುಟ್ಟಿದುದಲ್ಲ. ಯುದ್ಧದಲ್ಲಿ ಸೇರದಿದ್ದ ಸ್ಪೇನಿನ ಪತ್ರಿಕೆಗಳು ನಿರ್ಬಂಧವಿಲ್ಲದೆ ಸುದ್ದಿ ಪ್ರಕಟಿಸಿದುದೇ ಆ ದೇಶದ ತಪ್ಪಾಯಿತು. ನಮ್ಮಲ್ಲಿ ಅದು ಬೊಂಬಾಯಿ ಜ್ವರವಾಯಿತು. ರೋಗವು ಸದಾ ಪರರದು, ಪರವೂರಿನದು ಎಂಬ ಭಾವನೆ ಬಹು ಹಳೆಯದು. ಇದರ ಜೊತೆಗೆ ಬೇರೊಂದು ನಡತೆಯೂ ಆಗ ಕಂಡುಬಂದಿತು. ಮುಂಬಯಿಯಲ್ಲಿ ಹಲವು ಸಮುದಾಯಗಳ ಸಂಘಗಳು ಔಷಧಾಲಯಗಳನ್ನು ತೆರೆದವು. ಬೆಂಗಳೂರಿನಲ್ಲಿ ಸ್ವಯಂಸೇವಕರು ಬಡವರ ಕೇರಿಗಳಿಗೆ ತೆರಳಿ ಔಷಧವನ್ನೂ ಗಂಜಿಯನ್ನೂ ಹಂಚಿದರು.

ಹಳ್ಳಿಗಳಿಗೆ ಅವರದೇ ಆದ ಪದ್ಧತಿಗಳಿದ್ದವು. ಪ್ಲೇಗು ಬಂದಾಗ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಇಂದಿಗೂ ಕೆಲವೆಡೆ ಆಚರಣೆಯಲ್ಲಿರುವ ಹೊರಬೀಡಿನಲ್ಲಿ, ಒಂದು ದಿನ ಇಡೀ ಊರು ಮನೆಗಳಿಗೆ ಬೀಗ ಹಾಕಿ ಹೊರಗೆ ಅಡುಗೆ ಮಾಡಿ ಉಣ್ಣುತ್ತದೆ. ಗಾಳಿ ಬೆಳಕಿಲ್ಲದ, ಇಲಿಗಳು ಸತ್ತ ಮನೆಗಳನ್ನು ಬಿಟ್ಟುಹೋಗುವುದರಲ್ಲಿ ವಿವೇಕವಿತ್ತು. ಆದರೆ ಅದೇ ಭಯವು ಮಾರಿಯ ಮುಂದೆ ಕೋಣವನ್ನೂ ಕುರಿಯನ್ನೂ ಕಡಿಯಿಸುತ್ತಿತ್ತು. ಭಯವು ಒಂದು ಕೈಯಿಂದ ವಿವೇಕವನ್ನು ಕಲಿಸಿ, ಮತ್ತೊಂದು ಕೈಯಿಂದ ಹಿಂಸೆಯನ್ನು ಮಾಡಿಸಿತು.

ನೂರೆರಡು ವರ್ಷಗಳ ಅನಂತರ ಇವೆಲ್ಲವೂ ಮತ್ತೆ ನಡೆದವು. 2020ರ ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಕೊರೊನಾ ರೋಗಿ ಪತ್ತೆಯಾದಾಗ ಕರ್ನಾಟಕದ ಒಳನಾಡಿನವರಿಗೆ ಅದು ದೂರದ ಮಾತಾಗಿತ್ತು. ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ಈ ರೋಗದಿಂದಾದ ದೇಶದ ಮೊದಲ ಸಾವೆಂದು 12ರಂದು ಖಚಿತವಾಯಿತು. ಮರುದಿನವೇ ರಾಜ್ಯ ಸರ್ಕಾರವು ಚಿತ್ರಮಂದಿರ, ಜಾತ್ರೆ, ಅದ್ದೂರಿ ಮದುವೆಗಳಿಗೆ ಒಂದು ವಾರದ ತಡೆಯನ್ನು ಘೋಷಿಸಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು. ಹತ್ತು ದಿನಗಳ ಹಿಂದೆ ಹಗುರವಾಗಿ ಮಾತನಾಡಿದವರೇ ಈಗ ನೆರೆಯವನ ಕೆಮ್ಮಿಗೂ ಬೆಚ್ಚಿದರು.

ಕೊಪ್ಪಳ ಜಿಲ್ಲೆಯಿಂದ ಪ್ರತಿವರ್ಷ ಸಹಸ್ರಾರು ಕುಟುಂಬಗಳು ದುಡಿಮೆಗಾಗಿ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತವೆ. ಕೆಲಸ ನಿಂತ ಕೂಡಲೇ ಅವರು ಗಂಟುಮೂಟೆ ಕಟ್ಟಿಕೊಂಡು ಊರುಗಳತ್ತ ಹೊರಟರು. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಅವರನ್ನು ಎದುರುಗೊಂಡುದು ದಾರಿಗೆ ಅಡ್ಡಹಾಕಿದ ಮುಳ್ಳುಕಂಟಿ. ಊರಿನ ಕ್ಷೇಮಕ್ಕಾಗಿ ಬಂದವರನ್ನು ಶಾಲೆಯಲ್ಲೋ ಹೊಲದ ಗುಡಿಸಲಿನಲ್ಲೋ ಕೆಲವು ದಿನ ಬೇರೆಯಾಗಿರಿಸುವುದು ಯುಕ್ತವೇ. ಅಂತಹ ಕಡೆಗೆ ಊಟ ನೀರು ಒಯ್ದುಕೊಟ್ಟವರಿದ್ದರೆ ಆ ಮುಳ್ಳುಬೇಲಿ ರಕ್ಷಣೆಯಾಯಿತು. ಯಾರೂ ಹೋಗದಿದ್ದಲ್ಲಿ ಅದು ಬಹಿಷ್ಕಾರವಾಯಿತು. ಮೇ 1ರಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಪಟ್ಟಿಯಲ್ಲಿ ಕೊಪ್ಪಳವು ಹಸಿರು ವಲಯದಲ್ಲಿತ್ತು. ಅಂದರೆ ರೋಗಿಯೇ ಇಲ್ಲದ ಜಿಲ್ಲೆಯಲ್ಲಿ ರೋಗದ ಭಯವು ಆಗಲೇ ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು.

ಆ ಭಯಕ್ಕೆ ಮೊದಲು ಬಲಿಯಾದವು ಮೂಕಪ್ರಾಣಿಗಳು. ಕೋಳಿಯಿಂದ ರೋಗ ಹರಡುತ್ತದೆಂಬ ಆಧಾರವಿಲ್ಲದ ವದಂತಿಯಿಂದ ಮಾರಾಟ ಕುಸಿಯಿತು. ಮಾರ್ಚ್ ತಿಂಗಳಲ್ಲಿ ಗೋಕಾಕ ತಾಲ್ಲೂಕಿನಲ್ಲಿ ಸಾಕಲಾರದ ರೈತರೊಬ್ಬರು ಸುಮಾರು ಆರು ಸಾವಿರ ಕೋಳಿಗಳನ್ನು ಗುಂಡಿ ತೋಡಿ ಜೀವಂತವಾಗಿ ಹೂಳಿದರು. ಜನರು ಮಾಂಸವನ್ನು ಬಿಟ್ಟರೆಂದು ಆಗ ಸಂತೋಷಪಟ್ಟ ಸಸ್ಯಾಹಾರಿಗಳು ಇಲ್ಲದಿಲ್ಲ. ಅಂತಹವರು ಜನ್ನಕವಿಯ ಯಶೋಧರ ಚರಿತೆಯನ್ನು ನೆನೆಯಬೇಕು. ಅಲ್ಲಿ ದುಃಸ್ವಪ್ನದ ಕೇಡಿಗೆ ಹೆದರಿದ ತಾಯಿಯ ಮಾತಿಗೆ ಮಣಿದು ಯಶೋಧರನು ಚಂಡಮಾರಿಗೆ ಬಲಿಗೊಟ್ಟುದು ಹಿಟ್ಟಿನ ಕೋಳಿಯನ್ನು. ಅಷ್ಟು ಮಾತ್ರದ ಸಂಕಲ್ಪಹಿಂಸೆಗೆ ತಾಯಿಯೂ ಮಗನೂ ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ತೊಳಲಿದರು. ಹಿಟ್ಟಿನ ಕೋಳಿಗೇ ಅಷ್ಟು ಫಲವಾದರೆ, ವದಂತಿಯೊಂದಕ್ಕಾಗಿ ಮಣ್ಣುಪಾಲಾದ ಆರು ಸಾವಿರ ಜೀವಗಳ ಹೊಣೆಯು ಆ ರೈತನೊಬ್ಬನದೇ ಆಗಲಾರದು. ವದಂತಿಯನ್ನು ವಿಚಾರಿಸದೆ ಮುಂದಕ್ಕೆ ದಾಟಿಸಿದ ಪ್ರತಿಯೊಬ್ಬರಿಗೂ ಅದರಲ್ಲಿ ಪಾಲುಂಟು. ಜೀವದಯೆಯಿಂದ ಬಿಟ್ಟ ಮಾಂಸ ಅಹಿಂಸೆ. ಭಯದಿಂದ ಬಿಟ್ಟುದು ಭಯ ಹೋದೊಡನೆ ಮರಳಿ ತಟ್ಟೆಗೆ ಬಂದಿತು.

ಎರಡನೆಯ ಪರೀಕ್ಷೆ ನಡೆದುದು ಅಂಗಡಿಗಳಲ್ಲಿ. ಮುಖಗವಸು ಮತ್ತು ಸ್ಯಾನಿಟೈಸರುಗಳು ಮಾರ್ಚ್ ಆರಂಭದಲ್ಲಿಯೇ ಪೇಟೆಯಿಂದ ಮಾಯವಾದವು. ಕೇಂದ್ರ ಸರ್ಕಾರವು ಮಾರ್ಚ್ 13ರಂದು ಅವೆರಡನ್ನೂ ಅವಶ್ಯಕ ವಸ್ತುಗಳ ಪಟ್ಟಿಗೆ ಸೇರಿಸಿತು. 21ರಂದು ಎರಡು ಪದರದ ಮುಖಗವಸಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರಿಗೆ 100 ರೂಪಾಯಿ ಎಂದು ಗರಿಷ್ಠ ಬೆಲೆಯನ್ನು ಗೊತ್ತುಮಾಡಿತು. ವ್ಯಾಪಾರಿಯ ನೀತಿಯನ್ನು ಸರ್ಕಾರವು ಪೈಸೆ ಲೆಕ್ಕದಲ್ಲಿ ಬರೆದುಕೊಡಬೇಕಾಗಿ ಬಂದುದು ವ್ಯಾಪಾರಿಗಳ ಕುಲಕ್ಕೆ ಗೌರವ ತರುವ ಸಂಗತಿಯಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅತಿಸಂಗ್ರಹವೂ ಒಂದು. ಮುಂದೆ ಹೆಚ್ಚಿನ ಲಾಭ ಬಂದೀತೆಂದು ಧಾನ್ಯಾದಿಗಳನ್ನು ಕೂಡಿಡುವುದೇ ಅತಿಸಂಗ್ರಹವೆಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ಸಾಮಾನ್ಯ ದಿನಗಳಲ್ಲಿ ಈ ಅತಿಚಾರದ ಫಲವು ಕಣ್ಣಿಗೆ ಕಾಣದು. ಮಹಾಮಾರಿಯ ದಿನಗಳಲ್ಲಿ ಒಬ್ಬರ ಉಗ್ರಾಣದಲ್ಲಿ ಹೆಚ್ಚಾದುದು ಇನ್ನೊಬ್ಬರ ಮನೆಯಲ್ಲಿ ಕಡಿಮೆಯಾಗುತ್ತದೆ. ಮುಖಗವಸನ್ನು ಕುರಿತು ಜೈನರಲ್ಲಿ ಕೆಲವರು ಹೆಮ್ಮೆಯ ಮಾತನ್ನಾಡಿದರು: ನಮ್ಮ ಸಾಧುಗಳ ಮುಹಪತ್ತಿಯನ್ನು ಈಗ ಲೋಕವೇ ಧರಿಸಿತೆಂದು. ಮುಹಪತ್ತಿಯು ಧರಿಸಿದವರ ರಕ್ಷಣೆಗೆ ಇರುವುದಲ್ಲ, ತಮ್ಮ ಉಸಿರಿನಿಂದ ಇತರ ಜೀವಗಳಿಗೆ ಬಾಧೆಯಾಗದಿರಲೆಂದು ಇರುವುದು. ಆ ಅರ್ಥವನ್ನು ಮರೆತು ಅದನ್ನೇ ದುಬಾರಿ ಬೆಲೆಗೆ ಮಾರಿದ ಮೇಲೆ ಹೆಮ್ಮೆಗೆ ಎಡೆಯೆಲ್ಲಿ?

ಮೂರನೆಯದು ದೂಷಣೆ. ದೆಹಲಿಯ ಒಂದು ಧಾರ್ಮಿಕ ಸಮಾವೇಶದಿಂದ ರೋಗ ಹರಡಿದ ಸುದ್ದಿ ಬಂದೊಡನೆ ಇಡೀ ಮುಸಲ್ಮಾನ ಸಮುದಾಯವನ್ನು ದೂರುವ ಮಾತುಗಳು ಹಬ್ಬಿದವು. ತರಕಾರಿ ಹಣ್ಣು ಮಾರುವ ಬಡವರನ್ನು ಬೀದಿಗೆ ಬರಗೊಡದ ಪ್ರಸಂಗಗಳೂ ನಡೆದವು. ಕೆಲವರ ತಪ್ಪಿಗಾಗಿ ಒಂದು ಸಮುದಾಯವನ್ನೇ ದೂಷಿಸಿದರೆ ಕಠಿಣ ಕ್ರಮ ಕೈಗೊಳ್ಳಲಾಗುವುದೆಂದು ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಏಪ್ರಿಲ್ ಮೊದಲ ಭಾಗದಲ್ಲಿಯೇ ಎಚ್ಚರಿಸಬೇಕಾಯಿತು. ಅಲ್ಪಸಂಖ್ಯಾತರಾಗಿ ಬಾಳುವ ಜೈನರು ಈ ಮಾತಿನ ತೂಕವನ್ನು ಇತರರಿಗಿಂತ ಮೊದಲು ಅರಿಯಬೇಕು.

ಎಲ್ಲಕ್ಕಿಂತ ಕಠಿಣವಾದುದು ರೋಗಿಯ ಬಗೆಗಿನ ಹೇಸಿಗೆ. ದೇಶದ ಹಲವೆಡೆ ಆಸ್ಪತ್ರೆಯಲ್ಲಿ ದುಡಿಯುವ ವೈದ್ಯರನ್ನೂ ದಾದಿಯರನ್ನೂ ಬಾಡಿಗೆ ಮನೆಗಳಿಂದ ಹೊರಹಾಕಲು ಯತ್ನಿಸಿದರು. ಮನೆಮನೆಗೆ ತೆರಳಿದ ಆಶಾ ಕಾರ್ಯಕರ್ತೆಯರು ಬೈಗುಳ ಕೇಳಿದರು, ಏಟು ತಿಂದರು. ಆರೋಗ್ಯ ಸಿಬ್ಬಂದಿಯ ರಕ್ಷಣೆಗಾಗಿ ಏಪ್ರಿಲ್ 22ರಂದು ಸುಗ್ರೀವಾಜ್ಞೆ ಹೊರಡಿಸಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಿದ್ದಬೇಕಾಯಿತು. ಪ್ಲೇಗಿನ ಕಾಲದ ಆ ಕಾಯಿದೆಯು ಜನರನ್ನು ಹತೋಟಿಯಲ್ಲಿಡಲು ಹುಟ್ಟಿತ್ತು. ಈಗ ಅದು ಶುಶ್ರೂಷೆ ಮಾಡುವವರನ್ನು ಜನರಿಂದ ಕಾಯಬೇಕಾಯಿತು. ಜೂನ್ ಕೊನೆಯಲ್ಲಿ ನೆರೆಯ ಬಳ್ಳಾರಿಯಲ್ಲಿ ಶವಗಳನ್ನು ಒಂದೇ ಗುಂಡಿಗೆ ಎಸೆದ ದೃಶ್ಯವನ್ನು ನಾಡೆಲ್ಲ ಕಂಡಿತು. ಜಿಲ್ಲಾಡಳಿತವು ಕ್ಷಮೆ ಯಾಚಿಸಿತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಹೇಸದಿರುವುದು. ಅದಕ್ಕೆ ಆಚಾರ್ಯರು ಕೊಡುವ ದೃಷ್ಟಾಂತ ಉದ್ದಾಯನ ಮಹಾರಾಜನದು. ಅವನನ್ನು ಪರೀಕ್ಷಿಸಲೆಂದು ದೇವನೊಬ್ಬನು ಕೊಳೆತ ಶರೀರದ ಮುನಿಯ ರೂಪದಲ್ಲಿ ಆಹಾರಕ್ಕೆ ಬಂದನು. ಉಂಡ ಅನ್ನವನ್ನೆಲ್ಲ ರಾಜನ ಮೇಲೆಯೇ ವಾಂತಿ ಮಾಡಿದನು. ಪರಿಜನರು ದುರ್ಗಂಧ ತಾಳದೆ ಓಡಿಹೋದರು. ರಾಜನು ಮಾತ್ರ, ತಾನು ಕೊಟ್ಟ ಆಹಾರವೇ ಹಿತವಾಗಲಿಲ್ಲವೇನೋ ಎಂದು ತನ್ನನ್ನೇ ಹಳಿದುಕೊಂಡು, ಆ ಮೈಯನ್ನು ತೊಳೆದು ಉಪಚರಿಸಿದನು. ಉದ್ದಾಯನನು ರೋಗವನ್ನು ಅಲ್ಲಗಳೆಯಲಿಲ್ಲ. ರೋಗಿಯನ್ನು ಕೈಬಿಡಲಿಲ್ಲ, ಅಷ್ಟೆ. ಅಂತರಂಗ ತಪಸ್ಸುಗಳಲ್ಲಿ ಒಂದಾದ ವೈಯಾವೃತ್ಯವನ್ನು ಯಾರಿಗೆ ಮಾಡಬೇಕೆಂದು ತತ್ತ್ವಾರ್ಥಸೂತ್ರವು ಹೇಳುವ ಹತ್ತು ಮಂದಿಯಲ್ಲಿ ಗ್ಲಾನ, ಎಂದರೆ ರೋಗಪೀಡಿತನೂ ಇದ್ದಾನೆ.

ಹಾಗಾದರೆ ರೋಗಿಯಿಂದ ದೂರವಿರುವುದು, ಬಸದಿಯ ಬಾಗಿಲು ಮುಚ್ಚುವುದು ಅಧರ್ಮವೇ ಎಂಬ ಪ್ರಶ್ನೆ ಏಳುತ್ತದೆ. 2020ರ ಮಹಾವೀರ ಜಯಂತಿಯು ಏಪ್ರಿಲ್ 6ರಂದು ಬಂದಿತು. ಮೆರವಣಿಗೆಯಿಲ್ಲದೆ, ಸಾಮೂಹಿಕ ಅಭಿಷೇಕವಿಲ್ಲದೆ, ಶ್ರಾವಕರು ಮನೆಗಳಲ್ಲಿಯೇ ಅದನ್ನು ಆಚರಿಸಿದರು. ಅದು ಹಲವು ಹಿರಿಯರ ಮನಸ್ಸನ್ನು ನೋಯಿಸಿತು. ಆದರೆ ಶ್ರಾವಕನ ವ್ರತಗಳಲ್ಲಿ ದೇಶಾವಕಾಶಿಕವೆಂಬುದೊಂದಿದೆ. ಇಂತಿಷ್ಟು ಕಾಲ ಈ ಮನೆಯ, ಈ ಬೀದಿಯ ಮೇರೆಯನ್ನು ಮೀರೆನೆಂದು ಗಮನಾಗಮನವನ್ನು ಸಂಕೋಚಗೊಳಿಸುವುದೇ ಅದರ ಸ್ವರೂಪ. ತನ್ನ ಚಲನೆಯಿಂದಾಗುವ ಹಿಂಸೆಯನ್ನು ತಗ್ಗಿಸುವ ಈ ವ್ರತವನ್ನು ಬಲ್ಲವರಿಗೆ ಮನೆಯಲ್ಲಿ ನಿಲ್ಲುವುದು ಸೆರೆವಾಸವಾಗಬೇಕಾಗಿಲ್ಲ. ಶರೀರವು ದೂರವಿದ್ದರೂ ಅನ್ನ, ಔಷಧ, ವಿಚಾರಣೆಗಳು ತಲುಪುತ್ತಿದ್ದರೆ ಅದು ಸಂಯಮ. ಅವು ತಲುಪದಿದ್ದರೆ ಅದಕ್ಕೆ ಹೆಸರು ಹೇಸಿಗೆಯೇ.

ಕನ್ನಡದ ಶಾಸನಗಳು ಶ್ರಾವಕರನ್ನು ಹೊಗಳುವಾಗ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ವಿನೋದಿಗಳೆಂದು ಮತ್ತೆಮತ್ತೆ ಹೇಳುತ್ತವೆ. ಮಹಾಮಾರಿಯ ಮೊದಲ ದಿನಗಳಿಗೆ ಈ ನಾಲ್ಕೂ ಸಲ್ಲುತ್ತವೆ. ಬೇರೆಯಾಗಿರಿಸಿದ ಮನೆಗೆ ಜಾತಿ ಕೇಳದೆ ಊಟ ತಲುಪಿಸುವುದು ಆಹಾರದಾನ. ಊರಿಗೆ ಮರಳಿದವನಿಗೆ ತಂಗಲು ಎಡೆ ಕೊಟ್ಟು, ಯಾರೂ ನಿನ್ನನ್ನು ಹೊಡೆಯಗೊಡೆವು ಎನ್ನುವುದು ಅಭಯದಾನ. ಔಷಧವನ್ನು ನ್ಯಾಯದ ಬೆಲೆಗೆ, ಇಲ್ಲದವರಿಗೆ ಬೆಲೆಯಿಲ್ಲದೆ ಒದಗಿಸುವುದು ಭೈಷಜ್ಯದಾನ. ವದಂತಿಯನ್ನು ಬಲ್ಲವರಲ್ಲಿ ವಿಚಾರಿಸಿ ನಿಜವನ್ನು ಬಸದಿಯ ಫಲಕದ ಮೇಲೆ ಬರೆಯುವುದು ಈ ಕಾಲದ ಶಾಸ್ತ್ರದಾನ. ಇವಕ್ಕೆ ಬೇಕಾಗುವ ಹಣಕ್ಕಿಂತ ಮೊದಲೇ ಮಾಡಿಟ್ಟ ಏರ್ಪಾಡು ಮುಖ್ಯ. ಯಾತ್ರಿಕರ ಕೊಠಡಿಗಳಲ್ಲಿ ಯಾವುವನ್ನು ಬಿಟ್ಟುಕೊಡಬಹುದು, ಒಂಟಿಯಾಗಿರುವ ವೃದ್ಧರು ಯಾರು, ಅಂತ್ಯಕ್ರಿಯೆಗೆ ನಾಲ್ಕು ಜನ ಸಿಗದ ಮನೆಗೆ ಯಾರು ಹೋಗಬೇಕು ಎಂಬುದನ್ನು ಟ್ರಸ್ಟುಗಳು ನೆಮ್ಮದಿಯ ದಿನಗಳಲ್ಲಿಯೇ ನಿರ್ಧರಿಸಿಡಬೇಕು.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವೊಂದಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಅದೇ ಚಕ್ರವರ್ತಿ ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. 2021ರ ಮೇ ತಿಂಗಳಲ್ಲಿ ಎರಡನೆಯ ಅಲೆಯು ಅಪ್ಪಳಿಸಿದಾಗ ಗವಿಮಠವು ತನ್ನ ಕಟ್ಟಡವನ್ನೇ ಕೊರೊನಾ ರೋಗಿಗಳ ಆಸ್ಪತ್ರೆಗೆ ಬಿಟ್ಟುಕೊಟ್ಟಿತು. ಮುಳ್ಳುಕಂಟಿ ಹಾಕಿದ ನಾಡಿನಲ್ಲಿಯೇ ಸುಮಾರು ಒಂದು ವರ್ಷದ ಅನಂತರ ಹೀಗೆ ಬಾಗಿಲು ತೆರೆಯಿತು. ಮುಂದೆ ಇನ್ನೊಂದು ಮಹಾಮಾರಿ ಬರುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಅದು ಬಂದ ಮೊದಲ ವಾರ ಬಸದಿಯ ಯಾವ ಕೊಠಡಿಯ ಬೀಗ ತೆಗೆಯಬೇಕೆಂಬುದು ಶ್ರಾವಕರ ಕೈಯಲ್ಲಿದೆ.