ಅಶ್ವಶಕ್ತಿಯ ಅಳತೆ: ಕಪಿಲೆಯಿಂದ ಕೊಳವೆಬಾವಿಯವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ‘ನಿಮ್ಮದು ಎಷ್ಟು ಎಚ್.ಪಿ.?’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರೆ ಅದು ಕಾರಿನ ಮಾತಲ್ಲ, ತೋಟದ ಮೋಟಾರಿನ ಮಾತು. ಐದು, ಏಳೂವರೆ, ಹತ್ತು ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಆ ಉತ್ತರ ಬರುವುದು ಮೋಟಾರಿನ ಮೇಲೆ ಕೂರಿಸಿದ ತಗಡಿನ ಫಲಕದಿಂದ. ಸುಟ್ಟ ಮೋಟಾರನ್ನು ವೈಂಡಿಂಗ್ ಅಂಗಡಿಯಲ್ಲಿ ಒಂದೆರಡು ಸಲ ಬಿಚ್ಚಿ ಸುತ್ತಿಸಿದ ಮೇಲೂ ಫಲಕ ಹಳೆಯದೇ ಆಗಿರುತ್ತದೆ. ‘ಈಗ ಮೋಟಾರು ಮೊದಲಿಗಿಂತ ಜೋರಾಗಿದೆ’ ಎಂಬ ಮಾತು ನಿಜವೇ? ನಿಜವಾದರೆ ಎಷ್ಟು ಜೋರು? ಎಂಜಿನ್ನಿಗೆ ಕೈ ಹಾಕಿ ಕಾರಿನ ಓಟ ಹೆಚ್ಚಿಸುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ.

ಬಿಲ್ಲಿಗಾಗಿ ಹುಟ್ಟಿದ ಕುದುರೆ

ಕರೆಂಟು ಬರುವ ಮುನ್ನ ಈ ಸೀಮೆಯ ಬಾವಿಗಳಲ್ಲಿ ಕಪಿಲೆ ಇತ್ತು. ಇಳಿಜಾರಿನಲ್ಲಿ ಒಂದು ಜೊತೆ ಎತ್ತು ಇಳಿದರೆ ಚರ್ಮದ ಬಾನೆ ತುಂಬಿ ಮೇಲೆ ಬರುತ್ತಿತ್ತು. ಬಾವಿಯ ಶಕ್ತಿಯನ್ನು ಎಷ್ಟು ಜೊತೆ ಎತ್ತು ಎಂಬುದರಲ್ಲೇ ಹೇಳುತ್ತಿದ್ದರು. ಮದರಾಸು ಪ್ರಾಂತ್ಯದಲ್ಲಿ ಎಣ್ಣೆ ಎಂಜಿನ್ ಪಂಪುಗಳ ಪ್ರಯೋಗ ನಡೆಸಿ, ಮುಂದೆ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ನಿರ್ದೇಶಕರಾಗಿ ಬಂದ ಆಲ್ಫ್ರೆಡ್ ಚಾಟರ್ಟನ್ ಅವರಿಗೂ ಇದೇ ಹೋಲಿಕೆ ಮುಖ್ಯವಾಗಿತ್ತು. ಎತ್ತಿನ ಕೆಲಸವನ್ನು ಎಂಜಿನ್ ಎಷ್ಟು ಅಗ್ಗವಾಗಿ ಮಾಡೀತು ಎಂಬುದನ್ನು ತೋರಿಸದೆ ರೈತನನ್ನು ಒಪ್ಪಿಸುವಂತಿರಲಿಲ್ಲ.

ಸ್ಕಾಟ್‌ಲೆಂಡಿನ ಜೇಮ್ಸ್ ವಾಟ್‌ಗೆ 1780ರ ದಶಕದಲ್ಲಿ ಎದುರಾದ ತೊಡಕೂ ಇದೇ. ಅವನ ಉಗಿಯಂತ್ರವನ್ನು ಕೊಳ್ಳಬೇಕಾದವರು ಕುದುರೆ ಕಟ್ಟಿ ಗಾಣ, ಗಿರಣಿ ನಡೆಸುತ್ತಿದ್ದವರು. ಗಿರಣಿಯ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ಹಾಕುತ್ತ 180 ಪೌಂಡ್ ಬಲದಿಂದ ಎಳೆಯುತ್ತದೆ ಎಂದು ಅವನು ಲೆಕ್ಕ ಹಾಕಿದನೆಂದು ಹೇಳುತ್ತಾರೆ. ಅದನ್ನು ಸರಿದೂಗಿಸಿ, ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವ ಶಕ್ತಿಯೇ ಒಂದು ಅಶ್ವಶಕ್ತಿ ಎಂದು ಗೊತ್ತುಮಾಡಿದ. ಇಂದಿನ ಲೆಕ್ಕದಲ್ಲಿ ಅದು ಸುಮಾರು 746 ವ್ಯಾಟ್. ಯಂತ್ರ ಬಳಸುವವರಿಂದ ಅವನ ಕಂಪನಿ ಪಡೆಯುತ್ತಿದ್ದ ವಾರ್ಷಿಕ ಗೌರವಧನವೂ ಅಶ್ವಶಕ್ತಿಯ ಲೆಕ್ಕದಲ್ಲೇ ಇತ್ತು. ಎಂದರೆ ಎಚ್.ಪಿ. ಎಂಬುದು ಹುಟ್ಟಿದ್ದೇ ಹಣ ವಸೂಲಿಯ ಮಾನವಾಗಿ.

ಹಿಡಿದು ನಿಲ್ಲಿಸಿದರಷ್ಟೇ ಲೆಕ್ಕ

ಯಂತ್ರದ ಬಲ ಅದರ ಸದ್ದಿನಿಂದ ತಿಳಿಯುವುದಿಲ್ಲ. ಅದರ ಶಾಫ್ಟಿಗೆ ಹೊರೆ ಕೊಟ್ಟು ನೋಡಬೇಕು. 1821ರಲ್ಲಿ ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ ಎಂಬ ಎಂಜಿನಿಯರ್ ಇದಕ್ಕೆ ಸರಳ ಉಪಾಯ ಕಂಡುಹಿಡಿದ. ತಿರುಗುವ ಚಕ್ರವನ್ನು ಮರದ ಹಿಡಿಕೆಗಳಿಂದ ಅದುಮಿ ಹಿಡಿಯುವುದು, ಹಿಡಿಕೆಗೆ ಸೇರಿಸಿದ ಉದ್ದನೆಯ ತೋಳಿನ ತುದಿಯಲ್ಲಿ ತೂಕ ನೋಡುವುದು. ಆ ತೂಕ, ತೋಳಿನ ಉದ್ದ, ನಿಮಿಷಕ್ಕೆ ಎಷ್ಟು ಸುತ್ತು, ಈ ಮೂರು ಸಿಕ್ಕರೆ ಅಶ್ವಶಕ್ತಿ ಸಿಕ್ಕಂತೆ. ‘ಬ್ರೇಕ್ ಹಾರ್ಸ್‌ಪವರ್’ ಎಂಬ ಹೆಸರು ಬಂದದ್ದು ಹೀಗೆ. ಇಂದು ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಪರೀಕ್ಷಿಸುವ ಡೈನಮೋಮೀಟರ್ ಇದೇ ವಂಶದ್ದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಎಂಜಿನ್ನಿಗೆ ಬೇಕಾದದ್ದು ಗಾಳಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೋ ಇಲ್ಲದ ಎಂಜಿನ್ ನೂರು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇಕಡ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ನೂರು ಎಚ್.ಪಿ. ತೋರಿಸಿದ ಕಾರು, ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ತಿಪಟೂರಿನಲ್ಲಿ ತೊಂಬತ್ತೆರಡರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಎಂಜಿನ್ ಮಾರ್ಪಡಿಸುವ ಮುನ್ನ ಒಮ್ಮೆ, ಮಾರ್ಪಡಿಸಿದ ಮೇಲೆ ಒಮ್ಮೆ, ಅದೇ ಸಾಧನದಲ್ಲಿ, ಅದೇ ಹವೆಯಲ್ಲಿ ಅಳೆಯದೆ ‘ಇಷ್ಟು ಹೆಚ್ಚಿತು’ ಎಂದು ಹೇಳುವುದು ಬರೀ ಊಹೆ.

ಅಂಕಿಗೆ ಬಗ್ಗಿದ ಯಂತ್ರ

ಅಳೆಯದೆಯೇ ಅಂಕಿಯ ಮೇಲೆ ಹಣ ವಿಧಿಸಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. 1921ರಿಂದ ಅಲ್ಲಿ ಕಾರುಗಳಿಗೆ ಎಚ್.ಪಿ.ಗೆ ಒಂದು ಪೌಂಡಿನಂತೆ ವಾರ್ಷಿಕ ತೆರಿಗೆ ಬಂತು. ಆದರೆ ಯಾವ ಎಂಜಿನ್ನನ್ನೂ ಬ್ರೇಕಿಗೆ ಕಟ್ಟಿ ನೋಡುತ್ತಿರಲಿಲ್ಲ. ಸಿಲಿಂಡರಿನ ವ್ಯಾಸ ಮತ್ತು ಸಿಲಿಂಡರುಗಳ ಸಂಖ್ಯೆಯಿಂದ ಒಂದು ಸೂತ್ರ ಹಾಕಿ ಎಚ್.ಪಿ. ಕಟ್ಟುತ್ತಿದ್ದರು. ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ ಎಂಬುದು ಆ ಸೂತ್ರದಲ್ಲಿ ಇರಲೇ ಇಲ್ಲ. ತಯಾರಕರು ಸಿಲಿಂಡರನ್ನು ಸಣ್ಣದಾಗಿಸಿ ಉದ್ದ ಹೆಚ್ಚಿಸಿದರು. ತೆರಿಗೆಯ ಪುಸ್ತಕದಲ್ಲಿ ಏಳೆಂಟು ಎಚ್.ಪಿ. ಇದ್ದ ಕಾರು ರಸ್ತೆಯ ಮೇಲೆ ಅದಕ್ಕಿಂತ ಹೆಚ್ಚು ಎಳೆಯುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಈ ಪದ್ಧತಿ ಕೊನೆಗೊಂಡಿತು.

ನಮ್ಮಲ್ಲಿಯೂ ವಿದ್ಯುತ್ತಿನ ಇತಿಹಾಸ ಎಚ್.ಪಿ. ಲೆಕ್ಕದಿಂದಲೇ ಆರಂಭ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಿನ ಕರಾರು ಅಶ್ವಶಕ್ತಿಯಲ್ಲಿತ್ತು. ಮುಂದೆ ಹಳ್ಳಿಗಳಿಗೆ ಲೈನು ಬಂತು, ಪಂಪ್‌ಸೆಟ್ಟುಗಳು ಬಂದವು. 1980ರ ದಶಕದಲ್ಲಿ ನೀರಾವರಿ ಪಂಪ್‌ಸೆಟ್ಟುಗಳಿಗೆ ಮೀಟರಿನ ಬದಲು ಎಚ್.ಪಿ.ಗೆ ಇಷ್ಟು ಎಂಬ ದರ ರೂಢಿಗೆ ಬಂತು. 2008ರಲ್ಲಿ ರಾಜ್ಯ ಸರ್ಕಾರ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತನ್ನು ಉಚಿತವಾಗಿಸಿತು. ಹೀಗಾಗಿ ಫಲಕದ ಮೇಲಿನ ಅಂಕಿಗೆ ಹೊಸ ಬೆಲೆ ಬಂತು. ಅದು ಹತ್ತರೊಳಗಿದ್ದರೆ ಕ್ಷೇಮ.

ಹತ್ತು ಏಕೆ ಸಾಲದು?

ಇದನ್ನು ರೈತರ ದುರಾಸೆ ಎಂದು ತಳ್ಳಿಹಾಕುವುದು ಸುಲಭ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ಸೆಕೆಂಡಿಗೆ 75 ಕಿಲೋವನ್ನು ಒಂದು ಮೀಟರ್ ಎತ್ತಿದರೆ ಸರಿಸುಮಾರು ಒಂದು ಎಚ್.ಪಿ. ನೂರು ಮೀಟರ್ ಆಳದ ನೀರನ್ನು ಸೆಕೆಂಡಿಗೆ ಎರಡು ಲೀಟರಿನಂತೆ ಎತ್ತಲು ಬೇಕಾದದ್ದು 2.7 ಎಚ್.ಪಿ. ಪಂಪು ತನಗೆ ಸಿಕ್ಕ ಶಕ್ತಿಯಲ್ಲಿ ಅರ್ಧವನ್ನಷ್ಟೇ ನೀರಿಗೆ ದಾಟಿಸುವುದಾದರೆ ಮೋಟಾರು ಕೊಡಬೇಕಾದದ್ದು 5.4. ನೀರು ಇನ್ನೂರು ಮೀಟರಿಗೆ ಇಳಿದರೆ, ಅಷ್ಟೇ ನೀರಿಗೆ ಹತ್ತೂ ಸಾಲದು. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ನೀರು ಕೆಳಗಿಳಿಯುತ್ತ ಹೋಯಿತು. ಅಂಕಿ ಮಾತ್ರ ಹತ್ತರಲ್ಲೇ ನಿಂತಿತು.

ಉಳಿದ ದಾರಿ ಮೋಟಾರಿಗೆ ಕೈ ಹಾಕುವುದು. ಓಲ್ಟೇಜು ಕಡಿಮೆ ಇರುವ ಕಡೆ ತಂತಿಯ ಸುತ್ತು ಕಡಿಮೆ ಮಾಡಿ ದಪ್ಪ ತಂತಿ ಹಾಕಿಸುತ್ತಾರೆ. ಆಗ ಮೋಟಾರು ಕುಸಿದ ಓಲ್ಟೇಜಿನಲ್ಲೂ ಎಳೆಯುತ್ತದೆ, ಹೆಚ್ಚು ಆಂಪಿಯರ್ ತೆಗೆದುಕೊಳ್ಳುತ್ತದೆ. ಆದರೆ ಹೆಚ್ಚು ಆಂಪಿಯರ್ ಎಂದರೆ ಹೆಚ್ಚು ಎಚ್.ಪಿ. ಎಂದಲ್ಲ. ಕಾರಿನ ಎಂಜಿನ್ನಿನ ವೇಗ ಏರಿಸಬಹುದು. ಮೋಟಾರಿನ ವೇಗವನ್ನು ಲೈನಿನ 50 ಹರ್ಟ್ಸ್ ಕಟ್ಟಿಹಾಕಿರುತ್ತದೆ. ಓಲ್ಟೇಜು ಸರಿಯಿದ್ದ ರಾತ್ರಿ ಅದೇ ಮೋಟಾರು ಎಳೆದ ಹೆಚ್ಚಿನ ಕರೆಂಟು ಬಿಸಿಯಾಗಿ ಕಳೆಯುತ್ತದೆ, ವೈಂಡಿಂಗ್ ಮತ್ತೆ ಸುಡುತ್ತದೆ.

ಪರೀಕ್ಷೆ ಕಷ್ಟವೇನಲ್ಲ. 415 ಓಲ್ಟಿನಲ್ಲಿ 10 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಒಳಕ್ಕೆ ಹೋಗುವುದು ಸುಮಾರು 7.7 ಎಚ್.ಪಿ. ಶೇಕಡ 70ರ ದಕ್ಷತೆಯ ಮೋಟಾರು ಅದರಲ್ಲಿ 5.4ನ್ನು ಪಂಪಿಗೆ ಕೊಡುತ್ತದೆ. ಇನ್ನೂರು ಲೀಟರಿನ ಡ್ರಮ್ಮನ್ನು ಪೈಪಿನ ಬಾಯಿಗೆ ಹಿಡಿದು ಗಡಿಯಾರ ನೋಡಿದರೆ ಹೊರಕ್ಕೆ ಬಂದದ್ದು ತಿಳಿಯುತ್ತದೆ. ನೂರು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಎರಡು ಲೀಟರ್. ವೈಂಡಿಂಗ್ ಮಾಡಿಸಿದ ಮೇಲೆ, ಬೋರಿನ ನೀರಿನ ಮಟ್ಟವೂ ಓಲ್ಟೇಜೂ ಮೊದಲಿನಂತೆಯೇ ಇದ್ದು, ಡ್ರಮ್ ತುಂಬಲು ಅದೇ ನೂರು ಸೆಕೆಂಡ್ ಹಿಡಿದರೆ ಎಚ್.ಪಿ. ಕೂದಲೆಳೆಯಷ್ಟೂ ಹೆಚ್ಚಿಲ್ಲವೆಂದೇ ಅರ್ಥ. ಪ್ರೋನಿಯ ಬ್ರೇಕು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಡ್ರಮ್ಮು ಮಾಡುತ್ತದೆ.

ನಷ್ಟ ಯಾರಿಗೆ?

ನಿಜವಾದ ಅಂಕಿ ಮುಚ್ಚಿಹೋದರೆ ಮೊದಲು ಸುಡುವುದು ಊರಿನ ಟಿ.ಸಿ. ಐದು ಎಚ್.ಪಿ.ಯ ಹತ್ತು ಮೋಟಾರು ಒಟ್ಟಿಗೆ ತಿರುಗಿದರೆ, ಮೋಟಾರಿನೊಳಗಿನ ನಷ್ಟ ಸೇರಿಸಿ, 63 ಕೆ.ವಿ.ಎ. ಟಿ.ಸಿ. ಹೆಚ್ಚುಕಡಿಮೆ ತುಂಬುತ್ತದೆ. ಆ ಹತ್ತೂ ಕಾಗದದಲ್ಲಿ ಐದಾಗಿದ್ದು ಬೋರಿನೊಳಗೆ ಏಳೂವರೆಯಾಗಿದ್ದರೆ ಹೊರೆ 90 ಕೆ.ವಿ.ಎ. ದಾಟುತ್ತದೆ. ಟಿ.ಸಿ. ಸುಟ್ಟು ಬದಲಿ ಬರುವವರೆಗೆ, ಅಂಕಿ ಸರಿಯಾಗಿ ಬರೆಸಿದವನ ತೋಟವೂ ಒಣಗುತ್ತದೆ. ಅತ್ತ ಓಲ್ಟೇಜು ಕುಸಿದಷ್ಟೂ ಇನ್ನಷ್ಟು ಜನ ವೈಂಡಿಂಗ್ ಅಂಗಡಿಗೆ ಓಡುತ್ತಾರೆ.

ಪಂಪ್‌ಸೆಟ್ಟುಗಳು ಎಷ್ಟು ವಿದ್ಯುತ್ ಬಳಸುತ್ತವೆ ಎಂಬುದನ್ನು ವಿದ್ಯುತ್ ಕಂಪನಿಗಳು ಬಹುಮಟ್ಟಿಗೆ ಟಿ.ಸಿ. ಮತ್ತು ಫೀಡರುಗಳ ಮೀಟರಿನಿಂದ ಅಂದಾಜು ಮಾಡುತ್ತ ಬಂದಿವೆ. ಮೀಟರಿಲ್ಲದೆ ವಿದ್ಯುತ್ ಕೊಡಬಾರದು ಎಂದು 2003ರ ವಿದ್ಯುಚ್ಛಕ್ತಿ ಕಾಯಿದೆ ಹೇಳಿದ್ದರೂ, ಮೀಟರು ಬಂದರೆ ಹಿಂದೆಯೇ ಬಿಲ್ಲೂ ಬಂದೀತೆಂಬ ಶಂಕೆ ರೈತರಲ್ಲಿದೆ. ಎರಡೂವರೆ ಶತಮಾನದ ಹಿಂದಿನ ವಾಟ್‌ನ ಗಿರಾಕಿಗಳ ಶಂಕೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಆದರೆ ತೆಂಗಿನ ಹೊಂಬಾಳೆ ಬಿಚ್ಚಿ ಕಾಯಿ ಬಲಿಯಲು ಒಂದು ವರ್ಷ ಬೇಕು. ಅದು ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಇನ್ನೂ ಹಲವು ತಿಂಗಳು. ಈ ಬೇಸಿಗೆಯಲ್ಲಿ ನೀರು ತಪ್ಪಿದ ಮರ ಅದರ ಲೆಕ್ಕವನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಒಪ್ಪಿಸುವುದು ಎರಡು ವರ್ಷದ ನಂತರ. ಮರಕ್ಕೆ ಫಲಕದ ಅಂಕಿ ಗೊತ್ತಿಲ್ಲ. ಅದಕ್ಕೆ ತಲುಪುವುದು ಡ್ರಮ್ಮಿಗೆ ಬಿದ್ದಷ್ಟು ನೀರು ಮಾತ್ರ.